ಮಳೆಯ ಧ್ವನಿಮುದ್ರಣದಲ್ಲಿ ಎಡ ಚಾನೆಲ್‌ನಲ್ಲಿ ಮಾತ್ರ ಚಟಪಟ ಸದ್ದು: ಕಾರಣವೇನಿರಬಹುದು?

ಸೋನೆಮಳೆ (ತೀರ್ಥಹಳ್ಳಿ):

ಎಲ್ಲರಿಗೂ ನಮಸ್ಕಾರ. ವೃತ್ತಿಪರ ಧ್ವನಿ ಸಂಗ್ರಹವೊಂದಕ್ಕೆ ಕೊಡುವ ಉದ್ದೇಶದಿಂದ ಮಲೆನಾಡಿನ ಮಳೆಯನ್ನು ಮುದ್ರಿಸಿಕೊಳ್ಳುತ್ತಿದ್ದೇನೆ. ಹಂಚಿನ ಮಾಡು, ತಗಡಿನ ಚಾವಣಿ, ಅಡಿಕೆ ಸೋಗೆ, ಕೆಸುವಿನ ಎಲೆ, ಹೀಗೆ ಒಂದೊಂದರ ಮೇಲೆ ಬೀಳುವ ಮಳೆಯೂ ಬೇರೆ ಬೇರೆ ಫೈಲ್ ಆಗಬೇಕು. ಸಣ್ಣ ಡಯಾಫ್ರಮ್‌ನ (ಸದ್ದಿಗೆ ಕಂಪಿಸುವ ತೆಳು ಪೊರೆ) ಎರಡು ಕಂಡೆನ್ಸರ್ ಮೈಕುಗಳನ್ನು ಸ್ಟೀರಿಯೋ ಜೋಡಿಯಾಗಿಟ್ಟು, 96 ಕಿಲೋಹರ್ಟ್ಸ್ (ಸೆಕೆಂಡಿಗೆ 96,000 ಮಾದರಿ), 24 ಬಿಟ್‌ನಲ್ಲಿ ರೆಕಾರ್ಡ್ ಮಾಡುತ್ತೇನೆ. ಮೊದಲ ಅರ್ಧ ಗಂಟೆ ಎಲ್ಲವೂ ಸ್ವಚ್ಛವಾಗಿರುತ್ತದೆ. ಆಮೇಲೆ ಎಡ ಚಾನೆಲ್‌ನಲ್ಲಿ ಒಗ್ಗರಣೆಯ ಸಾಸಿವೆ ಸಿಡಿದಂಥ ಸದ್ದು ಶುರುವಾಗಿ, ನಡುನಡುವೆ ಫರ್ರೆಂಬ ಕೆಳಸ್ಥಾಯಿಯ ಗದ್ದಲವೂ ಸೇರಿಕೊಳ್ಳುತ್ತದೆ. ಮೈಕುಗಳು ಜಗುಲಿಯ ಒಳಗೇ ಇದ್ದು, ಅವುಗಳ ಮೇಲೆ ಹನಿ ಬೀಳುವ ಸಾಧ್ಯತೆಯಿಲ್ಲ. ದಯವಿಟ್ಟು ಪರಿಹಾರ ತಿಳಿಸಿ.

ನಾದಬಿಂದು:

ತಗಡಿನ ಚಾವಣಿಯ ಮಳೆ ಬಹಳ ಜೋರಾಗಿರುತ್ತದೆಯಾದ್ದರಿಂದ ಪ್ರೀಆಂಪ್ (ಮೈಕಿನ ಸಂಕೇತವನ್ನು ಹಿಗ್ಗಿಸುವ ಭಾಗ) ಕ್ಲಿಪ್ ಆಗುತ್ತಿರಬಹುದೇ, ಅಂದರೆ ಮಿತಿ ಮೀರಿ ಸದ್ದು ಒಡೆಯುತ್ತಿರಬಹುದೇ? ಗೇನ್ (ಹಿಗ್ಗಿಸುವ ಪ್ರಮಾಣ) ತಗ್ಗಿಸಿ ನೋಡಿ. ಅದರೊಂದಿಗೆ ಎಡ ಮತ್ತು ಬಲ ಕೇಬಲ್‌ಗಳನ್ನು ಅದಲುಬದಲು ಮಾಡಿ, ಸದ್ದು ಯಾವುದರ ಬೆನ್ನು ಹತ್ತುತ್ತದೆ ಎಂಬುದನ್ನು ಗಮನಿಸಿ. ಬ್ಯಾಟರಿ ಕುಂದಿದಾಗ ರೆಕಾರ್ಡರ್ ಕೇಬಲ್ ಮೂಲಕ ಮೈಕಿಗೆ ಕೊಡುವ ವಿದ್ಯುತ್ (ಫ್ಯಾಂಟಮ್ ಪವರ್) 48 ವೋಲ್ಟ್‌ಗಿಂತ ಬಹಳ ಕೆಳಗಿಳಿದರೂ ಕೆಲವು ಮೈಕುಗಳು ಹೀಗೆ ವರ್ತಿಸುತ್ತವೆ.

ಸೋನೆಮಳೆ:

ಉತ್ತರಕ್ಕೆ ಧನ್ಯವಾದ. ಮಟ್ಟ ಎಲ್ಲಿಯೂ −12 ಡೆಸಿಬೆಲ್ ದಾಟಿಲ್ಲ, ಕ್ಲಿಪ್ ಆಗುವ ಮಿತಿಯಾದ ಸೊನ್ನೆಗಿಂತ ಕೆಳಗೇ ಇದೆ. ಹೊಸ ಬ್ಯಾಟರಿ ಹಾಕಿದರೂ ವ್ಯತ್ಯಾಸ ಕಾಣಲಿಲ್ಲ. ಕೇಬಲ್ ಬದಲಿಸಿದಾಗ ಸದ್ದು ಎಡದಲ್ಲೇ ಉಳಿಯಿತು. ಮೈಕುಗಳನ್ನೇ ಅದಲುಬದಲು ಮಾಡಿದಾಗ ಬಲಕ್ಕೆ ಹೋಯಿತು. ಮಳೆ ನಿಂತ ಮೇಲೂ ಸದ್ದು ಇತ್ತು. ಮರುದಿನ ಬೆಳಿಗ್ಗೆ ಒಳಕೋಣೆಯಲ್ಲಿ ಅದೇ ಮೈಕನ್ನು ಪರೀಕ್ಷಿಸಿದರೆ ಯಾವ ದೋಷವೂ ಕಾಣಲಿಲ್ಲ.

ಹಳೇಸರ್ಕ್ಯೂಟ್:

ತಾವು ಕೊಟ್ಟ ವಿವರಗಳಿಂದಲೇ ಕಾರಣ ಸ್ಪಷ್ಟವಾಗುತ್ತದೆ. ದೋಷ ಮೈಕಿನ ಜೊತೆ ಚಲಿಸುತ್ತದೆ, ಹೊರಗಿಟ್ಟು ಸ್ವಲ್ಪ ಹೊತ್ತಾದ ಮೇಲೆ ಕಾಣಿಸುತ್ತದೆ, ಒಣಗಿದ ಮೇಲೆ ಮಾಯವಾಗುತ್ತದೆ. ಇದು ಕ್ಯಾಪ್ಸೂಲ್‌ನ (ಮೈಕಿನಲ್ಲಿ ಸದ್ದನ್ನು ಹಿಡಿಯುವ ಭಾಗ) ಒಳಹೊಕ್ಕ ತೇವದ ಕೆಲಸ.

ಕಂಡೆನ್ಸರ್ ಮೈಕಿನಲ್ಲಿ ಡಯಾಫ್ರಮ್‌ಗೂ ಅದರ ಹಿಂದಿನ ಲೋಹದ ತಟ್ಟೆಗೂ ನಡುವೆ ಇರುವ ಅಂತರ ಕೂದಲೆಳೆಗಿಂತ ಕಿರಿದು. ಅಲ್ಲಿ ಕೂಡಿಟ್ಟ ವಿದ್ಯುದಾವೇಶ ಸೋರಿಹೋಗದಂತೆ ಇಡೀ ಸರ್ಕ್ಯೂಟನ್ನು ಗಿಗಾಓಮ್ ಪ್ರಮಾಣದ ರೋಧದ ಮೇಲೆ ಕಟ್ಟಿರುತ್ತಾರೆ. ಕ್ಯಾಪ್ಸೂಲ್‌ನ ಅಂಚಿನಲ್ಲಿ ಕುಳಿತ ಧೂಳು ಮಳೆಗಾಲದ ಗಾಳಿಯಿಂದ ತೇವ ಹೀರಿಕೊಂಡಾಗ ಆವೇಶಕ್ಕೆ ಸೋರಲು ದಾರಿಯಾಗುತ್ತದೆ. ಆ ಸೋರಿಕೆ ಒಂದೇ ಸಮನೆ ಆಗದೆ ಬಿಟ್ಟುಬಿಟ್ಟು ಆಗುವುದರಿಂದ ತಮಗೆ ಚಟಪಟ ಕೇಳಿಸುತ್ತದೆ. ಒಂದೇ ಮೈಕಿನಲ್ಲಿ ಹೀಗಾಗುವುದಕ್ಕೆ ಅದರಲ್ಲಿ ಧೂಳು ಹೆಚ್ಚಿರುವುದು ಕಾರಣವಿರಬಹುದು.

ಎ.ಸಿ. ಹಾಕಿದ ಕಾರು ಅಥವಾ ಕೋಣೆಯಿಂದ ಮೈಕನ್ನು ನೇರವಾಗಿ ಹೊರತೆಗೆದರೆ ತಣ್ಣಗಿನ ಲೋಹದ ಮೇಲೆ ಹನಿಗಟ್ಟುತ್ತದೆ. ಹೊರಗಿನ ಉಷ್ಣತೆಗೆ ಹೊಂದಿಕೊಳ್ಳುವವರೆಗೆ ಅದನ್ನು ಚೀಲದ ಒಳಗೇ ಮುಚ್ಚಿಡಿ. ರಾತ್ರಿ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಜೆಲ್ ಬಣ್ಣ ಬದಲಿಸಿದಾಗ ಬಿಸಿ ಮಾಡಿ ಮತ್ತೆ ಬಳಸಬಹುದು, ಆದರೆ ಅಡುಗೆಯ ಪಾತ್ರೆಯಲ್ಲಿ ಖಂಡಿತ ಬೇಡ, ಏಕೆಂದರೆ ನೀಲಿ ಜೆಲ್‌ನಲ್ಲಿ ವಿಷಕಾರಿಯಾದ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ. ಅಕ್ಕಿಯಲ್ಲಿ ಹುಗಿಯುವುದೂ ಬೇಡ. ಅದರ ಹುಡಿಯೇ ಕ್ಯಾಪ್ಸೂಲ್‌ಗೆ ಸೇರುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಏನನ್ನಾದರೂ ಬೆಚ್ಚಗಿಡಬೇಕೆಂದರೆ ಬಚ್ಚಲೊಲೆಯ ಮೇಲಿನ ಅಟ್ಟ ಮೊದಲು ನೆನಪಾಗುತ್ತದೆ. ಮೈಕಿಗೆ ಮಾತ್ರ ಅದು ತಕ್ಕ ಜಾಗವಲ್ಲ, ಹೊಗೆಯ ಮಸಿ ಒಮ್ಮೆ ಅಂಟಿದರೆ ಮುಂದಿನ ತೇವಕ್ಕೆ ಅದೇ ನೆಲೆಯಾಗುತ್ತದೆ. ಡಯಾಫ್ರಮ್ಮನ್ನು ಒರೆಸುವ, ಊದುವ ಪ್ರಯತ್ನವನ್ನು ತಾವೇ ಮಾಡದೆ, ಮೈಕ್ ದುರಸ್ತಿ ಬಲ್ಲವರಿಗೆ ಒಪ್ಪಿಸಿ.

ನಾದಬಿಂದು:

ಈಗಾಗಲೇ ಮುದ್ರಿಸಿದ್ದನ್ನು ಡಿ-ಕ್ಲಿಕ್ ಪ್ಲಗಿನ್‌ನಿಂದ (ಚಟಪಟ ಸದ್ದು ತೆಗೆಯುವ ತಂತ್ರಾಂಶ) ಸರಿಪಡಿಸಲು ಆಗದೇ?

ಹಳೇಸರ್ಕ್ಯೂಟ್:

ಮಾತಿನ ಧ್ವನಿಮುದ್ರಣವಾಗಿದ್ದರೆ ಪ್ರಯತ್ನಿಸಿ ಎನ್ನುತ್ತಿದ್ದೆ. ಮಳೆಯ ವಿಷಯದಲ್ಲಿ ಬೇಡ ಎಂದೇ ನನ್ನ ಅಭಿಪ್ರಾಯ. ಎಲೆಯ ಮೇಲೆ ಬೀಳುವ ಹನಿಯೂ ಕ್ಷಣಮಾತ್ರದ ಆಘಾತ, ತೇವದ ಚಟಪಟವೂ ಕ್ಷಣಮಾತ್ರದ ಆಘಾತ. ಪ್ಲಗಿನ್‌ಗೆ ಇವೆರಡನ್ನೂ ನಂಬಿಕೆಯಿಂದ ಬೇರ್ಪಡಿಸಲಾಗದು. ಅದು ಮೊದಲು ತಿನ್ನುವುದು ಹತ್ತಿರದ ಹನಿಗಳ ಚುರುಕನ್ನು, ಅಂದರೆ ಕೆಸುವಿನ ಎಲೆಯನ್ನು ಸೋಗೆಯಿಂದ ಬೇರೆ ಎಂದು ಕಿವಿಗೆ ತಿಳಿಸುವ ಗುಣವನ್ನೇ. ಇನ್ನೊಂದು ಮಾತು. ಧ್ವನಿ ಸಂಗ್ರಹದಿಂದ ಫೈಲ್ ಪಡೆದವರು ಅದನ್ನು ಇದ್ದಂತೆಯೇ ಬಳಸುತ್ತಾರೆ ಎನ್ನಲಾಗದು. 96 ಕಿಲೋಹರ್ಟ್ಸ್‌ನ ಫೈಲ್‌ನಲ್ಲಿ ಅದರ ಅರ್ಧ, ಅಂದರೆ 48 ಕಿಲೋಹರ್ಟ್ಸ್‌ವರೆಗಿನ ಆವರ್ತನಗಳಿಗೆ ಜಾಗವಿದ್ದು, ಅರ್ಧ ವೇಗಕ್ಕಿಳಿಸಿದಾಗ ಅವು 24ರ ಒಳಗೆ ಬರುತ್ತವೆ. ಮೊದಲು ಕಿವಿಗೆ ನಿಲುಕದಿದ್ದ ದೋಷವೂ ಆಗ ಎದ್ದು ಕೇಳಿಸುತ್ತದೆ. ಸ್ವಚ್ಛವಾಗಿರುವ ಮೊದಲ ಅರ್ಧ ಗಂಟೆಯನ್ನು ಉಳಿಸಿಕೊಂಡು ಮಿಕ್ಕದ್ದನ್ನು ಬಿಟ್ಟುಬಿಡಿ. ಮಳೆಯಂಥ ಹಿನ್ನೆಲೆ ಸದ್ದಿಗೆ ದೋಷವಿಲ್ಲದ ಕೆಲವು ನಿಮಿಷಗಳೇ ಸಾಕು.

ಮೂಡಣಗಾಳಿ (ಸಾಗರ):

ಕಂಡೆನ್ಸರ್ ಮೈಕುಗಳಲ್ಲೇ ಆರ್‌ಎಫ್ (ರೇಡಿಯೋ ಆವರ್ತನ) ತತ್ತ್ವದವು ಬೇರೆ ಇವೆ. ಸೆನ್‌ಹೈಸರ್‌ನ ಎಂಕೆಎಚ್ ಸರಣಿ ಈ ಬಗೆಯದು. ಅವುಗಳಲ್ಲಿ ಕ್ಯಾಪ್ಸೂಲ್ ಅಧಿಕ ಆವರ್ತನದ, ಕಡಿಮೆ ಇಂಪೆಡೆನ್ಸ್‌ನ (ವಿದ್ಯುತ್ ಹರಿವಿಗೆ ಒಡ್ಡುವ ತಡೆ) ಸರ್ಕ್ಯೂಟಿನ ಭಾಗವಾಗಿರುವುದರಿಂದ ಅಲ್ಪಸ್ವಲ್ಪ ಸೋರಿಕೆ ಸದ್ದಾಗಿ ಹೊರಬರುವುದಿಲ್ಲ. ಬೆಲೆ ಹೆಚ್ಚು, ಆದ್ದರಿಂದ ಬಾಡಿಗೆಗೆ ದೊರೆತರೆ ಮಳೆಗಾಲಕ್ಕೆ ಮಾತ್ರ ತರಿಸಿಕೊಳ್ಳಿ. ತಗಡಿನ ಮಳೆಗೆ ಒಳ್ಳೆಯ ಡೈನಮಿಕ್ ಮೈಕ್ ಕೂಡ ಸಾಕಾಗುತ್ತದೆ. ಸದ್ದೇ ಜೋರಾಗಿರುವಾಗ ಅದರ ಕಡಿಮೆ ಸಂವೇದನೆ ತೊಡಕಾಗದು. ಸೋಗೆಯ ಕೆಳಗಿನ ಸಣ್ಣ ತೊಟ್ಟಿಕ್ಕುವಿಕೆಗೆ ಅದು ಆಗುವುದಿಲ್ಲ.

ತೋಟದೊಳಗೆ ಬಯಲಲ್ಲಿ ಇಡುವುದಾದರೆ ಮೈಕಿನ ಮೇಲೆ ಟಾರ್ಪಾಲು ಕಟ್ಟಬೇಡಿ, ಆಗ ಮುದ್ರಣವಾಗುವುದು ಟಾರ್ಪಾಲಿನ ಮಳೆ. ರಬ್ಬರ್ ಹಾಕಿದ ತೆಂಗಿನ ನಾರಿನ ದಪ್ಪ ತುಂಡನ್ನು ಮೇಲೆ ಓರೆಯಾಗಿಡಿ. ಹನಿ ನಾರಿನಲ್ಲೇ ಒಡೆದು, ಸದ್ದಿಲ್ಲದೆ ಅಂಚಿಗೆ ಹರಿದುಹೋಗುತ್ತದೆ.

ಸೋನೆಮಳೆ:

ಹಳೇಸರ್ಕ್ಯೂಟ್ ಅವರು ಹೇಳಿದಂತೆ ಸಿಲಿಕಾ ಜೆಲ್ ಡಬ್ಬಿಯಲ್ಲಿಟ್ಟು, ಚೀಲದೊಳಗೇ ಹೊಂದಿಕೊಳ್ಳಲು ಬಿಟ್ಟು ತೆಗೆದೆ. ಹಂಚಿನ ಮಾಡಿನ ಮುದ್ರಣ ಪೂರ್ತಿ ಸ್ವಚ್ಛವಾಗಿ ಬಂದಿದೆ. ಸೋಗೆಯ ಮುದ್ರಣದಲ್ಲಿ ಬಹಳ ಹೊತ್ತಿನ ನಂತರ ಅದೇ ಮೈಕಿನಿಂದ ಸಣ್ಣಗೆ ಚಟಪಟ ಮರಳಿತು, ಹಾಗಾಗಿ ಆ ಕ್ಯಾಪ್ಸೂಲನ್ನು ಶುಚಿಗೊಳಿಸಲು ದುರಸ್ತಿಗೆ ಕಳುಹಿಸುತ್ತಿದ್ದೇನೆ. ಅದು ಬರುವವರೆಗೆ ತಗಡಿನ ಮಳೆಯನ್ನು ಡೈನಮಿಕ್ ಮೈಕಿನಿಂದ ಮುಗಿಸುತ್ತೇನೆ. ತೆಂಗಿನ ನಾರಿನ ತುಂಡು ಎಷ್ಟು ದಪ್ಪವಿರಬೇಕು, ಮೈಕಿನಿಂದ ಎಷ್ಟು ಎತ್ತರದಲ್ಲಿರಬೇಕು ಎಂಬುದನ್ನು ಮೂಡಣಗಾಳಿಯವರು ತಿಳಿಸಿದರೆ ಉಪಕಾರವಾಗುತ್ತದೆ.

ಮೂಡಣಗಾಳಿ (ಸಾಗರ):

ನಾನು ಬಳಸುವುದು ಎರಡು ಇಂಚು ದಪ್ಪದ್ದು, ವಿಂಡ್‌ಶೀಲ್ಡ್‌ನಿಂದ (ಗಾಳಿಯ ಸದ್ದು ತಡೆಯಲು ಮೈಕಿಗೆ ಹಾಕುವ ಕವಚ) ಒಂದು ಗೇಣು ಮೇಲೆ. ಜಡಿಮಳೆಯಲ್ಲಿ ನಾರು ಪೂರ್ತಿ ನೆನೆದ ಮೇಲೆ ಕೆಳಗೆ ತೊಟ್ಟಿಕ್ಕತೊಡಗುತ್ತದೆ. ಆಗ ಇಳಿಜಾರನ್ನು ಇನ್ನಷ್ಟು ಹೆಚ್ಚಿಸಿ.