ಬೆಳಗ್ಗೆ ಏಳೂವರೆಗೆ ಸಿಪಿಯು 100%, ಹಾಲಿನ ಚೀಟಿ ಬರುತ್ತಿಲ್ಲ

ಹಾಲುಲೆಕ್ಕ, ಹಾಸನ

ನಮಸ್ಕಾರ. ಹಾಸನ, ಆಲೂರು, ಅರಕಲಗೂಡು ಕಡೆಯ 22 ಡೈರಿಗಳ ಸಾಫ್ಟ್‌ವೇರನ್ನು ನಾನೊಬ್ಬನೇ ನೋಡಿಕೊಳ್ಳುತ್ತೇನೆ. ಹಾಲಿನ ತೂಕ, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಸರ್ವರ್‌ಗೆ ಹೋಗುತ್ತದೆ. ಅಲ್ಲಿಂದ ರೇಟು ಬಂದು ಚೀಟಿ ಪ್ರಿಂಟ್ ಆಗುತ್ತದೆ. ಸರ್ವರ್ ನಾಲ್ಕು ಕೋರಿನ ಉಬುಂಟು, ಡೇಟಾಬೇಸ್ ಮೈಎಸ್‌ಕ್ಯೂಎಲ್. ಹಳೆಯದನ್ನು ಬಿಟ್ಟು ಇದಕ್ಕೆ ಬಂದು ಎರಡು ವಾರ ಆಯಿತು.

ಬಂದಾಗಿನಿಂದ ಇದೇ ಗೋಳು. ಏಳೂವರೆ ಆಯಿತೋ ಇಲ್ಲವೋ, ಗ್ರಾಫ್ ಗೋಡೆಯ ಹಾಗೆ ಏರುತ್ತದೆ. ಒಂಬತ್ತಕ್ಕೆ ತಾನೇ ಇಳಿಯುತ್ತದೆ. ನಿನ್ನೆ ನಮ್ಮೂರ ಡೈರಿಯಲ್ಲೇ ನಿಂತಿದ್ದೆ. ಒಂದು ಚೀಟಿಗೆ ಎರಡು ನಿಮಿಷ. ಹೊರಗೆ ಕ್ಯಾನ್ ಲಾರಿ ಹಾರ್ನ್ ಹೊಡೆಯುತ್ತಿದೆ. ಒಬ್ಬರು ಅಜ್ಜಿ ನಾಲ್ಕು ಲೀಟರ್ ಹಾಕಿ, ಖಾಲಿ ಕ್ಯಾನು ಮಡಿಲಲ್ಲಿಟ್ಟುಕೊಂಡು ಚೀಟಿಗಾಗಿ ಕಟ್ಟೆ ಮೇಲೆ ಕೂತೇ ಇದ್ದರು. ಅವರಿಗೆ ಆ ಚೀಟಿಯೇ ದುಡ್ಡು. ನೋಡಿ ತುಂಬಾ ಸಂಕಟ ಆಯಿತು.

ಡೇಟಾಬೇಸಿನ ಇಂಡೆಕ್ಸ್ ಸರಿಮಾಡಿದೆ, ರ್‍ಯಾಮ್ 4 ಜಿಬಿಯಿಂದ 8ಕ್ಕೆ ಏರಿಸಿದೆ. ಏನೂ ಬದಲಾಗಲಿಲ್ಲ. ಎಲ್ಲರೂ ಹಾಲು ಹಾಕುವ ಹೊತ್ತು ಅದೇ ಅಲ್ವಾ, ಲೋಡ್ ಜಾಸ್ತಿ ಆಗುತ್ತಿರಬೇಕು. ಎಂಟು ಕೋರಿನದು ತೆಗೆದುಕೊಳ್ಳಲೇ?

ಮೂಡಿಗೆರೆ ಮಳೆ

ದುಡ್ಡು ಹಾಕುವ ಮೊದಲು ಒಂದು ಮಾತು. ಸಂಜೆಯೂ ಅದೇ ಜನ, ಅದೇ ಹಸು. ಸಂಜೆ ಯಾಕೆ ಏರುವುದಿಲ್ಲ? ಇನ್ನೊಂದು, ಜನ ಏಳೂವರೆಗೆ ಗಂಟೆ ಹೊಡೆದ ಹಾಗೆ ಬರುವುದಿಲ್ಲ. ಆರೂವರೆಯಿಂದ ಒಬ್ಬೊಬ್ಬರೇ ಬರುತ್ತಾರೆ. ಹಾಗಿದ್ದರೆ ಗ್ರಾಫ್ ಇಳಿಜಾರಾಗಿ ಏರಬೇಕಿತ್ತು. ಗೋಡೆಯ ಹಾಗೆ ಏರುತ್ತಿದ್ದರೆ ಅದು ಗಡಿಯಾರ ನೋಡಿ ಶುರುವಾಗುವ ಕೆಲಸ. ನಾಳೆ 7.45ಕ್ಕೆ ಸರ್ವರ್ ಒಳಗೆ ಹೋಗಿ ಟಾಪ್ (ಯಾವ ಕೆಲಸ ಎಷ್ಟು ಸಿಪಿಯು ತಿನ್ನುತ್ತಿದೆ ಎಂದು ತೋರಿಸುವ ಕಮಾಂಡ್) ಓಡಿಸಿ, ಮೇಲಿನ ಸಾಲುಗಳನ್ನು ಇಲ್ಲಿ ಹಾಕಿ.

ಹಾಲುಲೆಕ್ಕ, ಹಾಸನ

ಸಂಜೆಯ ವಿಷಯ ನನಗೆ ಹೊಳೆದೇ ಇರಲಿಲ್ಲ. ಇವತ್ತು ಡೈರಿಗೆ ಹೋಗದೆ ಮನೆಯಲ್ಲೇ ಲ್ಯಾಪ್‌ಟಾಪ್ ಮುಂದೆ ಕೂತೆ. ಲೋಡ್ ಆವರೇಜ್ (ಓಡುತ್ತಿರುವ, ಸರದಿಗೆ ಕಾಯುತ್ತಿರುವ ಕೆಲಸಗಳ ಸರಾಸರಿ) 14. ಮೇಲಿನ ಸಾಲುಗಳೆಲ್ಲ ಫೈಲನ್ನು ಕುಗ್ಗಿಸುವ ಜಿಜಿಪ್, ಎಣಿಸಿದರೆ ಹನ್ನೊಂದು ಇದ್ದವು. ಅದು ಬ್ಯಾಕಪ್‌ನಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಆದರೆ ಬ್ಯಾಕಪ್ ಓಡುವುದು ರಾತ್ರಿ ಎರಡಕ್ಕೆ, ದಿನಕ್ಕೆ ಒಂದೇ ಸಲ. ಯಾವ ಕೆಲಸ ಎಷ್ಟು ಹೊತ್ತಿಗೆ ಎಂದು ಬರೆದಿಡುವ ಕ್ರಾನ್‌ಟ್ಯಾಬ್‌ನ ಸಾಲು ಇದು:

* 2 * * * /opt/ಬ್ಯಾಕಪ್

ಮೂಡಿಗೆರೆ ಮಳೆ

ಸಿಕ್ಕಿತು. ಎರಡನೇ ಅಂಕಣ ಗಂಟೆಯದು, ಮೊದಲನೆಯದು ನಿಮಿಷದ್ದು. ಅಲ್ಲಿ ನಕ್ಷತ್ರ ಇದ್ದರೆ 'ಪ್ರತಿ ನಿಮಿಷ' ಎಂದು ಅರ್ಥ. 2.00ರಿಂದ 2.59ರವರೆಗೆ 60 ಸಲ ಓಡುತ್ತದೆ. ಒಂದು ಮುಗಿಯುವ ಮೊದಲೇ ಇನ್ನೊಂದು ಶುರು. ಅಲ್ಲಿ ಸೊನ್ನೆ ಇರಬೇಕಿತ್ತು.

ಏಳೂವರೆ ಯಾಕೆ ಅಂದರೆ, ಹೊಸ ಸರ್ವರ್‌ನ ಗಡಿಯಾರ ಯುಟಿಸಿಯಲ್ಲಿದೆ, ಅಂದರೆ ಜಾಗತಿಕ ಪ್ರಮಾಣ ಸಮಯದಲ್ಲಿ. ಅಲ್ಲಿನ ರಾತ್ರಿ ಎರಡಕ್ಕೆ ನಮ್ಮ ಐದೂವರೆ ಗಂಟೆ ಸೇರಿಸಿ, ಸರಿಯಾಗಿ ಏಳೂವರೆ.

ಸಕಲೇಶಪುರ ಘಾಟಿ

ಒಂದು ಗಮನಿಸಿ. ಅರವತ್ತೂ ಒಂದೇ ಹೆಸರಿನ ಫೈಲಿಗೆ ಬರೆಯುತ್ತಿದ್ದರೆ ಒಂದರ ಮೇಲೊಂದು ಬರೆದು ಬ್ಯಾಕಪ್ಪೇ ಕೆಟ್ಟಿರಬಹುದು. ಇವತ್ತೇ ತೆರೆದು ನೋಡಿ. ಆ ಸಾಲಿಗೆ ಎಫ್‌ಲಾಕ್ ಕೂಡ ಸೇರಿಸಿ. ಒಂದು ಓಡುತ್ತಿರುವಾಗ ಇನ್ನೊಂದು ಶುರುವಾಗದಂತೆ ತಡೆಯಬಹುದು.

ಹಾಲುಲೆಕ್ಕ, ಹಾಸನ

ಡೇಟ್ ಎಂದು ಹೊಡೆದೆ, ಕೊನೆಗೆ ಯುಟಿಸಿ ಎಂದೇ ಬಂತು. ಹಳೆ ಸರ್ವರ್‌ನ ಸಾಲು ತೆಗೆದು ನೋಡಿದೆ, ಅಲ್ಲಿ ಸೊನ್ನೆ ಇದೆ. ಹೊಸದರಲ್ಲಿ ಕೈಯಲ್ಲಿ ಟೈಪ್ ಮಾಡುವಾಗ ನಾನೇ ತಪ್ಪಿದ್ದೇನೆ. ಎರಡು ವಾರ ಅಷ್ಟು ಜನರನ್ನು ಕಾಯಿಸಿದೆನಲ್ಲ ಎಂದು ಬೇಜಾರಾಗುತ್ತಿದೆ.

ಬ್ಯಾಕಪ್ ವಿಷಯ ಹೇಳಿದ್ದಕ್ಕೆ ಕೈ ಮುಗಿಯುತ್ತೇನೆ. ಮೂರು ಫೈಲ್ ತೆರೆದೆ, ಎರಡು ಅರ್ಧಕ್ಕೇ ಎರರ್ ಕೊಟ್ಟವು. ಆಗ ನಿಜಕ್ಕೂ ಕೈ ನಡುಗಿತು. ರೈತರ ಬಿಲ್ಲು ಪೂರ್ತಿ ಅದರಲ್ಲೇ ಇರುವುದು. ಕೂಡಲೇ ಕೈಯಾರೆ ಹೊಸ ಬ್ಯಾಕಪ್ ತೆಗೆದು, ಬೇರೆ ಮೆಷಿನ್‌ನಲ್ಲಿ ರೀಸ್ಟೋರ್ ಮಾಡಿ, ನಮ್ಮೂರ ಡೈರಿಯ ಲೆಕ್ಕ ತಾಳೆ ನೋಡಿದೆ. ಸರಿಯಿದೆ.

ಗಡಿಯಾರವನ್ನು ಯುಟಿಸಿಯಲ್ಲೇ ಬಿಟ್ಟು ಸಾಲನ್ನು 30 20 * * * ಮಾಡಿದ್ದೇನೆ, ಎಫ್‌ಲಾಕ್ ಸೇರಿಸಿದ್ದೇನೆ. ನಮ್ಮ ಲೆಕ್ಕಕ್ಕೆ ಅದು ರಾತ್ರಿ ಎರಡು, ಸರಿ ಅಲ್ವಾ?

ಮೂಡಿಗೆರೆ ಮಳೆ

ಸರಿಯಿದೆ. ನಾಳೆ ಬೆಳಗ್ಗೆ ಡೈರಿಗೇ ಹೋಗಿ ನೋಡಿ.

ಹಾಲುಲೆಕ್ಕ, ಹಾಸನ

ಹೋಗಿದ್ದೆ. 7.40ಕ್ಕೆ ಸಿಪಿಯು 6%. ಅಜ್ಜಿ ಕ್ಯಾನು ತೊಳೆಯುವಷ್ಟರಲ್ಲಿ ಚೀಟಿ ಬಂದಿತ್ತು.