ನೆರೆ, ಭೂಕಂಪ ಬರುವ ಮೊದಲು ಮನೆಯ ದುಡ್ಡು-ಕಾಗದ ಹೇಗೆ ಜೋಡಿಸಿಡೋದು? ಅನುಭವ ಇದ್ದವರು ಹೇಳಿ

ಮನೆಯಲ್ಲಿ ವಯಸ್ಸಾದ ಅತ್ತೆ, ಇಬ್ಬರು ಚಿಕ್ಕ ಮಕ್ಕಳು. ಟಾರ್ಚು, ನೀರು, ಔಷಧಿ ಎಲ್ಲ ಒಂದು ಚೀಲದಲ್ಲಿ ತುಂಬಿಟ್ಟಿದ್ದೇವೆ. ಹಣಕಾಸಿನ ವಿಷಯದಲ್ಲಿ ಮಾತ್ರ ಎಲ್ಲಿಂದ ಶುರು ಮಾಡಬೇಕೋ ತೋಚುತ್ತಿಲ್ಲ.

ಉತ್ತರ
ನಮ್ಮ ಮನೆಗೆ ನೀರು ನುಗ್ಗಿದ್ದು ನಡುರಾತ್ರಿ. ಕಾಗದಪತ್ರ ಇದ್ದದ್ದು ಬೀರುವಿನ ಕೆಳಗಿನ ಖಾನೆಯಲ್ಲಿ. ನೀರಿಳಿದ ಮೇಲೆ ತೆಗೆದರೆ ಪಾಸ್‌ಬುಕ್ಕಿನ ಹಾಳೆಗಳೆಲ್ಲ ಅಂಟಿಕೊಂಡು ಗಟ್ಟಿಯಾಗಿದ್ದವು. ಗಾಬರಿಯಲ್ಲಿ ಬಿಡಿಸಲು ಹೋಗಿ ನಾನೇ ಹರಿದೆ. ದಯವಿಟ್ಟು ಹಾಗೆ ಮಾಡಬೇಡಿ. ಒದ್ದೆ ಕಾಗದಕ್ಕೆ ಎರಡೇ ದಿನದಲ್ಲಿ ಬೂಷ್ಟು ಹಿಡಿಯಬಹುದು. ಕೂಡಲೇ ಒಣಗಿಸಲು ಆಗದಿದ್ದರೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಕರೆಂಟ್ ಇರುವ ಯಾರದಾದರೂ ಮನೆಯ ಫ್ರೀಜರ್‌ನಲ್ಲಿಡಿ. ಆಮೇಲೆ ನಿಧಾನವಾಗಿ ಒಣಗಿಸಬಹುದು.

ಅದಕ್ಕಿಂತ ನೋವಾಗಿದ್ದು ನಷ್ಟದ ಲೆಕ್ಕ ಹಾಕುವ ವಿಮೆಯ ಸರ್ವೇಯರ್ ಬಂದಾಗ. 'ಒಳಗೆ ಏನೇನಿತ್ತು, ಯಾವಾಗ ಕೊಂಡಿರಿ?' ಎಂದು ಕೇಳಿದರು. ನನಗೆ ಮಾತೇ ಬರಲಿಲ್ಲ. ಅಮ್ಮನ ಹೊಲಿಗೆ ಯಂತ್ರ ನೆನಪಾಗುವ ಹೊತ್ತಿಗೆ ಕ್ಲೇಮ್ ಮುಗಿದೇ ಹೋಗಿತ್ತು. ನೀವು ಇವತ್ತೇ ಮೊಬೈಲ್ ಹಿಡಿದು ಒಂದೊಂದೇ ಕೋಣೆ ವಿಡಿಯೋ ಮಾಡಿ. ಬೀರು, ಡ್ರಾಯರ್ ಎಲ್ಲ ತೆರೆದು ತೋರಿಸಿ, ಯಾವ ವರ್ಷ ಕೊಂಡದ್ದೆಂದು ಬಾಯಲ್ಲೇ ಹೇಳುತ್ತಾ ಹೋಗಿ. ಫ್ರಿಜ್, ಟಿವಿ ಹಿಂದಿನ ಸೀರಿಯಲ್ ನಂಬರ್ ಹತ್ತಿರದಿಂದ ಹಿಡಿಯಿರಿ. ಒಂದು ಪ್ರತಿ ಬೇರೆ ಊರಿನ ನಂಟರ ಬಳಿ ಇರಲಿ, ಮೊಬೈಲೇ ಕೊಚ್ಚಿಹೋದರೆ?

ಉತ್ತರ
ಮೇಲಿನವರ ಮಾತಿಗೆ ಒಂದು ಸೇರಿಸುತ್ತೇನೆ: ಹಾಳಾದ ಸಾಮಾನಿನ ಫೋಟೋ ತೆಗೆಯದೆ ಏನನ್ನೂ ಎಸೆಯಬೇಡಿ.

ಪಾಲಿಸಿಯನ್ನು ಪೂರ್ತಿ ಓದಿ. ಮನೆ ವಿಮೆ ಇದ್ದರೆ ನೆರೆ, ಭೂಕಂಪ ಅದರಲ್ಲೇ ಸೇರಿರುತ್ತವೆ ಅಂದುಕೊಂಡಿದ್ದೆ. ಕೆಲವು ಪಾಲಿಸಿಗಳಲ್ಲಿ ಅವನ್ನು ಬೇರೆಯಾಗಿಯೇ ಸೇರಿಸಿಕೊಳ್ಳಬೇಕು. ಮಳೆ ಶುರುವಾದ ಮೇಲೆ ಓಡಿದರೆ ಸಿಗದೇ ಇರಬಹುದು. ಇನ್ನೊಂದು, ಪ್ರೀಮಿಯಂ ಉಳಿಸಲು ಮನೆಯ ಮೌಲ್ಯ ಕಡಿಮೆ ಬರೆಸಬೇಡಿ. ನಾನು ಅದನ್ನೇ ಮಾಡಿ ಕಳೆದುಕೊಂಡೆ. 100 ರೂಪಾಯಿಯ ಆಸ್ತಿಗೆ 50 ರೂಪಾಯಿಗಷ್ಟೇ ವಿಮೆ ಇದ್ದರೆ, 20 ರೂಪಾಯಿ ನಷ್ಟವಾದಾಗ 10 ಮಾತ್ರ ಕೊಡುವ ಷರತ್ತು ಕೆಲವು ಪಾಲಿಸಿಗಳಲ್ಲಿ ಇರುತ್ತದೆ. ಹಳೆಯ ಸಾಮಾನಿಗೆ ಸವಕಳಿ (ಬಳಸಿ ಹಳತಾಗಿ ಇಳಿದ ಬೆಲೆ) ಕಳೆದು ಕೊಡುತ್ತಾರೋ, ಹೊಸದರ ಬೆಲೆ ಕೊಡುತ್ತಾರೋ ಅದನ್ನೂ ಕೇಳಿಕೊಳ್ಳಿ.

ಉತ್ತರ
ಕರೆಂಟ್ ಹೋದರೆ ಎಟಿಎಂ, ಕಾರ್ಡ್, ಮೊಬೈಲ್ ಪಾವತಿ ಎಲ್ಲವೂ ನಿಲ್ಲಬಹುದು. ಒಂದು ವಾರದ ಖರ್ಚಿನಷ್ಟು ನಗದು ಇರಲಿ, ಅದೂ ಸಣ್ಣ ನೋಟುಗಳಲ್ಲಿ. ನಮಗೆ ಹೀಗಾದಾಗ ದೊಡ್ಡ ನೋಟಿಗೆ ಚಿಲ್ಲರೆ ಯಾರ ಹತ್ತಿರವೂ ಇರಲಿಲ್ಲ. ಮನೆ ಬಿದ್ದರೂ ಸಾಲದ ಕಂತು ನಿಲ್ಲುವುದಿಲ್ಲ. ಕಂತು ತಪ್ಪುವ ಮೊದಲೇ ಬ್ಯಾಂಕಿಗೆ ಹೇಳಿದ್ದರಿಂದ ನಮಗೆ ಕಾಲಾವಕಾಶ ಸಿಕ್ಕಿತು.

ಉತ್ತರ
ಖಾತೆ ನಂಬರ್, ಪಾಲಿಸಿ ನಂಬರ್ ನಿಮ್ಮೊಬ್ಬರಿಗೇ ಗೊತ್ತಿದ್ದರೆ ಸಾಲದು. ನಮ್ಮೆಜಮಾನರು ಆಸ್ಪತ್ರೆಯಲ್ಲಿದ್ದಾಗ ವಿಮೆ ಯಾವ ಕಂಪನಿಯದು ಎಂಬುದೇ ನನಗೆ ತಿಳಿದಿರಲಿಲ್ಲ. ಮೂರು ದಿನ ಹುಡುಕಿದೆ. ಅತ್ತೆಯವರ ಪಿಂಚಣಿ ಕಾಗದ ಎಲ್ಲಿದೆ, ನಾಮಿನಿ ಯಾರು ಎಂದು ಈಗಲೇ ಕೂತು ಕೇಳಿ.

ಪ್ರಶ್ನೆ ಕೇಳಿದವರು
ಎಲ್ಲರಿಗೂ ತುಂಬಾ ಧನ್ಯವಾದ. ಈಗಷ್ಟೇ ಪಾಲಿಸಿ ತೆಗೆದು ನೋಡಿದೆ. ಕಟ್ಟಡಕ್ಕೆ ಮಾತ್ರ ಇದೆ, ಒಳಗಿನ ಸಾಮಾನಿಗಿಲ್ಲ. ನಾಳೆ ಬೆಳಿಗ್ಗೆ ಏಜೆಂಟರಿಗೆ ಫೋನ್ ಮಾಡುತ್ತೇನೆ. ಅತ್ತೆ ತಮ್ಮ ಟ್ರಂಕಿನ ಬೀಗ ತೆಗೆಯಲು ಒಪ್ಪಿದ್ದಾರೆ, ವಿಡಿಯೋ ಅಲ್ಲಿಂದಲೇ ಶುರು.