ಕಂಪ್ಯೂಟರ್ ಸರಿ ಮಾಡಿಕೊಡ್ತೀವಿ ಎನ್ನುವ ಫೋನ್: ನಿಮಗೇನಾಯ್ತು, ಏನು ಮಾಡಿದಿರಿ?

ಕೇಳಿದವರು, ಕಲಬುರಗಿ:
ನಿನ್ನೆ ಅಪ್ಪಾಜಿ ಲ್ಯಾಪ್‌ಟಾಪ್‌ನಲ್ಲಿ ಹೊಲದ ಪಹಣಿ ಹುಡುಕುತ್ತಾ ಕೂತಿದ್ದರು. ಒಮ್ಮೆಲೇ ಸ್ಕ್ರೀನ್ ತುಂಬ ಕೆಂಪು ಎಚ್ಚರಿಕೆ ಬಂತು, ಸೈರನ್ ಶುರುವಾಯ್ತು. ವೈರಸ್ ಹೊಕ್ಕಿದೆ, ಕಂಪ್ಯೂಟರ್ ಬಂದ್ ಮಾಡಬೇಡಿ, ಮೈಕ್ರೋಸಾಫ್ಟ್‌ನ ಈ ನಂಬರಿಗೆ ಫೋನ್ ಮಾಡಿ ಅಂತ ಇತ್ತು. ಅಪ್ಪಾಜಿ ಅರ್ಧ ನಂಬರ್ ಒತ್ತಿದ್ದರು, ಅಷ್ಟರಲ್ಲಿ ನಾನು ಹೋದೆ. ಹಗಲೆಲ್ಲ ಮನೆಯಲ್ಲಿ ಅವರು, ಅವ್ವ ಇಬ್ಬರೇ. ನಾನು ಡ್ಯೂಟಿಯಲ್ಲಿದ್ದಾಗ ಮತ್ತೆ ಹೀಗಾದರೆ? ಅನುಭವ ಇದ್ದವರು ಹೇಳಿ.

ಮಾಸ್ತರರ ಮಗಳು, ಬೀದರ್:
ಅಣ್ಣಾ, ನಮ್ಮಪ್ಪಗೆ ಅವರೇ ಫೋನ್ ಮಾಡಿದ್ದರು. ನಮ್ಮ ಕಡೆ ಹಿರಿಯರಿಗೆ ಹಿಂದಿ, ಉರ್ದು ಸಲೀಸು. ಹಿಂದಿಯಲ್ಲಿ ಫೋನ್ ಬಂದರೆ ಅನುಮಾನವೇ ಬರಲ್ಲ. ಅವನು ಅಂಕಲ್‌ಜಿ, ಅಂಕಲ್‌ಜಿ ಅಂತ ಬಾಯ್ತುಂಬ ಕರೆದ. ವಿಂಡೋಸ್ ಕೀ ಜೊತೆ ಆರ್ ಒತ್ತಿಸಿ ಇವೆಂಟ್ ವ್ಯೂವರ್, ಅಂದರೆ ಕಂಪ್ಯೂಟರ್ ಒಳಗೆ ನಡೆದದ್ದು ದಾಖಲಾಗುವ ಪಟ್ಟಿ, ತೆಗೆಸಿದ. ಅಲ್ಲಿ ಸಾಲಾಗಿ ಕೆಂಪು ಗುರುತು. ಎಷ್ಟಿವೆ ಎಣಿಸಿ ಅಂದ. ಮೂವತ್ತು ವರ್ಷ ಹಾಜರಿ ತೆಗೆದುಕೊಂಡವರು, ಸ್ಕ್ರೀನ್ ಮೇಲೆ ಬೆರಳಿಟ್ಟು ಒಂದೊಂದೇ ಎಣಿಸಿ ನಲವತ್ತೊಂದು ಅಂದರಂತೆ. ಆ ಗುರುತು ಚೆನ್ನಾಗಿರುವ ಕಂಪ್ಯೂಟರ್‌ನಲ್ಲೂ ಇರುತ್ತವೆ ಅಂತ ನಮಗೆ ಗೊತ್ತಾಗಿದ್ದು ಆಮೇಲೆ.

ಎನಿಡೆಸ್ಕ್ ಅನ್ನುವ ಆ್ಯಪ್ ಹಾಕಿಸಿದ, ದೂರದಲ್ಲಿ ಕೂತೇ ನಮ್ಮ ಕಂಪ್ಯೂಟರ್ ನಡೆಸುವಂಥದ್ದು. ಅದರಲ್ಲಿ ತೋರಿಸುವ ನಂಬರ್ ಕೇಳಿ ಒಳಗೆ ಬಂದ. ರಿಪೇರಿಗೆ 499 ರೂಪಾಯಿ ನೆಟ್ ಬ್ಯಾಂಕಿಂಗ್‌ನಲ್ಲಿ ಕಟ್ಟಿ ಅಂದ. ಅಪ್ಪ ಪಾಸ್‌ವರ್ಡ್ ಹೊಡೆದ ಕೂಡಲೇ ಸ್ಕ್ರೀನ್ ಕಪ್ಪಾಯ್ತು. "ಕ್ಲೀನ್ ಆಗ್ತಿದೆ, ಮುಟ್ಟಬೇಡಿ, ಒಟಿಪಿ ಓದಿ ಹೇಳಿ" ಅಂದ. 38,000 ಹೋಯ್ತು.

ಅಪ್ಪ ಎರಡು ದಿನ ಯಾರಿಗೂ ಹೇಳಲಿಲ್ಲ. ರೊಟ್ಟಿ ಮುರಿದು ಹಾಗೇ ಬಿಡುತ್ತಿದ್ದರು. ಶುಗರ್ ಹೆಚ್ಚಾಗಿರಬೇಕು ಅಂದುಕೊಂಡೆವು. ಹಿಂದೊಮ್ಮೆ ಮೊಬೈಲ್ ವಿಷಯಕ್ಕೆ ನಾನು ಅವರ ಮೇಲೆ ರೇಗಿದ್ದೆ, ಅದೇ ಅಂಜಿಕೆ. ಮೂರನೇ ದಿನ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದಾಗ ಆರು ಸಾವಿರ ಮಾತ್ರ ತಡೆಹಿಡಿಯೋಕಾಯ್ತು. ಉಳಿದದ್ದನ್ನು ಆಗಲೇ ಎಟಿಎಂನಿಂದ ತೆಗೆದಾಗಿತ್ತು. ದಯವಿಟ್ಟು ಅಪ್ಪಾಜಿಗೆ ಇವತ್ತೇ ಹೇಳಿಬಿಡಿ: ಏನೇ ಆಗಲಿ ಬೈಯಲ್ಲ, ಮೊದಲು ನನಗೆ ಫೋನ್ ಮಾಡಿ ಅಂತ.

ಕಂಪ್ಯೂಟರ್ ರಿಪೇರಿ ಅಂಗಡಿಯವರು, ಸೂಪರ್ ಮಾರ್ಕೆಟ್, ಕಲಬುರಗಿ:
ಆ ಸೈರನ್ ಬರೀ ಒಂದು ವೆಬ್ ಪುಟ, ಸರ್. ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ನಂಬರ್ ಕಂಡರೆ ಅದು ಮೋಸ, ಅಷ್ಟೇ. ಎಸ್ಕೇಪ್ ಕೀ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ, ಪುಟ ಚಿಕ್ಕದಾಗುತ್ತೆ, ಆಮೇಲೆ ಮುಚ್ಚಿ. ಆಗಲಿಲ್ಲವಾ? ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್‌ನಲ್ಲಿ ಬ್ರೌಸರ್ ನಿಲ್ಲಿಸಿ. ಅಪ್ಪಾಜಿಗೆ ಇಷ್ಟೆಲ್ಲ ನೆನಪಿರಲ್ಲ ಅಂದರೆ ಪವರ್ ಬಟನ್ ಒತ್ತಿ ಹಿಡಿಯಲಿ, ಮಶೀನು ಕೆಡಲ್ಲ. ಮತ್ತೆ ಆನ್ ಮಾಡಿದಾಗ ಬ್ರೌಸರ್ ಹಳೆ ಪುಟ ತೆಗೆಯಲಾ ಅಂತ ಕೇಳಿದರೆ ಬೇಡ ಅನ್ನಲಿ.

ಯಾರನ್ನಾದರೂ ಒಳಗೆ ಬಿಟ್ಟಾಗಿದ್ದರೆ ಮೊದಲು ವೈಫೈ ಕಿತ್ತುಹಾಕಿ. ಪಾಸ್‌ವರ್ಡ್‌ಗಳನ್ನು ಬೇರೆ ಮೊಬೈಲ್‌ನಿಂದ ಬದಲಾಯಿಸಿ, ಅದೇ ಲ್ಯಾಪ್‌ಟಾಪ್‌ನಿಂದ ಬೇಡ. ಕೆಲವು ಮೋಸಗಾರರು ಎನಿಡೆಸ್ಕ್‌ನಂಥ ಆ್ಯಪ್‌ಗೆ ತಮ್ಮದೇ ಪಾಸ್‌ವರ್ಡ್ ಇಟ್ಟು ಹೋಗುತ್ತಾರೆ. ಮುಂದೆ ನೀವು ಒಪ್ಪಿಗೆ ಕೊಡದೇ ಇದ್ದರೂ ಒಳಗೆ ಬರಬಹುದು. ಅದಕ್ಕೇ ನಂಬಿಕೆಯವರ ಹತ್ತಿರ ಒಮ್ಮೆ ತೋರಿಸಿ.

ಇನ್ನೊಂದು, ಪ್ರಿಂಟರ್ ಕೆಟ್ಟರೆ ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಬೇಡಿ. ಕಂಪನಿಯ ಡಬ್ಬಿ ಇಲ್ಲವೇ ಬಿಲ್ ಮೇಲಿರೋದೇ ಸರಿ.

ಬ್ಯಾಂಕ್‌ನಲ್ಲಿ ಕೆಲಸ, ಯಾದಗಿರಿ:
ಬೀದರ್‌ನ ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. 1930ಕ್ಕೂ ಬ್ಯಾಂಕಿಗೂ ಅದೇ ಗಳಿಗೆಯಲ್ಲಿ ತಿಳಿಸಿ. 2017ರಲ್ಲಿ ಬಂದ ಆರ್‌ಬಿಐ ಸುತ್ತೋಲೆಯಲ್ಲಿ ಇದ್ದದ್ದು ಇದು: ಒಟಿಪಿ ನಾವೇ ಹೇಳಿ ದುಡ್ಡು ಹೋದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದು. ತಿಳಿಸಿದ ಮೇಲೆ ಹೋದದ್ದರ ಹೊಣೆ ಬ್ಯಾಂಕಿನದು. ದೂರಿನ ನಂಬರ್, ಟೈಮ್ ಎರಡೂ ಬರೆದಿಟ್ಟುಕೊಳ್ಳಿ.

ಆಳಂದದಿಂದ:
ನಮ್ಮ ಮಾವನವರಿಗೆ ದುಡ್ಡು ಹೋದ ತಿಂಗಳಿಗೆ ಮತ್ತೊಬ್ಬ ಫೋನ್ ಮಾಡಿದ. ಸೈಬರ್ ಪೊಲೀಸ್ ಅಂತೆ, ಹೋದ ದುಡ್ಡು ಸಿಕ್ಕಿದೆಯಂತೆ, ಬಿಡಿಸೋಕೆ 2,000 ಕಟ್ಟಬೇಕಂತೆ. ಅದೂ ಮೋಸ. ಹುಷಾರು.

ಕೇಳಿದವರು, ಕಲಬುರಗಿ:
ಎಲ್ಲರಿಗೂ ಶರಣು. ರಾತ್ರಿ ಊಟ ಆದ ಮೇಲೆ ಬೀದರ್ ಅಕ್ಕ ಬರೆದಿದ್ದನ್ನು ಅಪ್ಪಾಜಿಗೆ ಓದಿ ಹೇಳಿದೆ. ಸುಮ್ನೆ ಕೇಳ್ತಾ ಇದ್ದರು. ಆಮೇಲೆ ಮೆಲ್ಲಗೆ, "ದೀಪಾವಳಿ ಹೊತ್ತಿಗೆ ನನಗೂ ಒಂದು ಫೋನ್ ಬಂದಿತ್ತು, ಅಂಥದ್ದೇ ನಂಬರ್ ಓದಿ ಹೇಳಿದ್ದೆ" ಅಂದರು. ನಾನು ಬೈಯಲಿಲ್ಲ. ವೈಫೈ ಬಂದ್ ಮಾಡಿದ್ದೇನೆ, ನನ್ನ ಮೊಬೈಲ್‌ನಿಂದ ಪಾಸ್‌ವರ್ಡ್ ಬದಲಾಯಿಸಿದ್ದೇವೆ. ಅಣ್ಣಾರೆ, ನಾಳೆ ಎಷ್ಟು ಗಂಟೆಗೆ ಅಂಗಡಿ ತೆಗೀತೀರಿ? ಅಪ್ಪಾಜಿಯನ್ನೂ ಕರ್ಕೊಂಡು ಬರ್ತೀನಿ.